ಜೆರಾಕ್ಸ್ ಹಾಳೆಯ ಕಪ್ಪು ಬಿಡಿಸೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ ರಸ್ತೆಯಲ್ಲಿ, ಹಿಂದೆ ಅಡಿಕೆ ಸುಲಿಯುತ್ತಿದ್ದ ಶೆಡ್ಡೊಂದರಲ್ಲಿ ನಾವು ಮೂರು ಜನ ಕೈಕಾಗದ ಮಾಡುತ್ತೇವೆ. ಕಚ್ಚಾಮಾಲು ಅಂದರೆ ದರ್ಜಿ ಅಂಗಡಿಯ ಹತ್ತಿಬಟ್ಟೆ ಚೂರು, ಜೊತೆಗೆ ಶಿವಮೊಗ್ಗದ ಆಫೀಸು, ಟ್ಯೂಷನ್ ಸೆಂಟರ್, ಜೆರಾಕ್ಸ್ ಅಂಗಡಿಗಳ ಬಿಳಿ ರದ್ದಿ. ರದ್ದಿ ಕೊಡಲು ಬಂದವರು, ಕಾಲೇಜು ಪ್ರಾಜೆಕ್ಟ್ ಅಂತ ಬಂದ ಮಕ್ಕಳು, ಬಸ್ಸು ತಪ್ಪಿ ಸುಮ್ನೆ ಇಣುಕಿದವರು, ಎಲ್ಲರೂ ತಿರುಗಿಸಿ ಮುರುಗಿಸಿ ಕೇಳೋದು ಒಂದೇ: ಈ ಕಪ್ಪು ಅಕ್ಷರ ಎಲ್ಲಿ ಹೋಗುತ್ತೆ? ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಇಂಕ್ ತಾನೇ, ಸೋಪಿನ ನೀರಲ್ಲಿ ನೆನೆಸಿ ತೊಳೆದರೆ ಹೋಗಲ್ವಾ?

ಹೋಗಲ್ಲ. ಯಾಕಂದರೆ ಅದು ಇಂಕೇ ಅಲ್ಲ.

ಲೇಸರ್ ಪ್ರಿಂಟರ್‌ಗೆ, ಜೆರಾಕ್ಸ್ ಮೆಷಿನ್‌ಗೆ ಹಾಕುವ ಟೋನರ್ ಒಂದು ಒಣ ಪುಡಿ. ಅದರಲ್ಲಿ ದೊಡ್ಡ ಪಾಲು ಪ್ಲಾಸ್ಟಿಕ್: ಸ್ಟೈರೀನ್ ಅಕ್ರಿಲೇಟ್, ಇಲ್ಲವೇ ಪಾಲಿಯೆಸ್ಟರ್. ಕಪ್ಪು ಬರೋದು ಕಾರ್ಬನ್ ಬ್ಲ್ಯಾಕ್‌ನಿಂದ, ಅಂದರೆ ಅಡುಗೆಮನೆ ಅಟ್ಟದಲ್ಲಿ ಜೋತಾಡುವ ಇಲ್ಲಣದ ದಾಯಾದಿ. ಸ್ವಲ್ಪ ಮೇಣ ಇರುತ್ತದೆ, ಕೆಲವು ಪ್ರಿಂಟರ್‌ಗಳ ಟೋನರಿನಲ್ಲಿ ಕಬ್ಬಿಣದ ಆಕ್ಸೈಡ್ ಕೂಡ ಇರುತ್ತದೆ. ಒಂದೊಂದು ಕಣ 5ರಿಂದ 10 ಮೈಕ್ರಾನ್, ತಲೆಕೂದಲಿನ ದಪ್ಪದಲ್ಲಿ ಹತ್ತನೇ ಒಂದು ಪಾಲು ಅಂತಿಟ್ಟುಕೊಳ್ಳಿ. ಬಾಚಣಿಗೆಗೆ ಪೇಪರ್ ಚೂರು ಅಂಟುತ್ತದಲ್ಲ, ಆ ಥರದ ವಿದ್ಯುತ್ತಿನಿಂದ ಈ ಪುಡಿ ಹಾಳೆಯ ಮೇಲೆ ಕೂರುತ್ತದೆ. ಆಮೇಲೆ ಸುಮಾರು 180–200 ಡಿಗ್ರಿ ಸೆಲ್ಸಿಯಸ್ ಬಿಸಿಯ ರೋಲರ್ ಬಂದು ಅದನ್ನು ಕರಗಿಸಿ ಕಾಗದದ ನಾರಿನೊಳಗೆ ಒತ್ತಿಬಿಡುತ್ತದೆ. ಜೆರಾಕ್ಸ್ ಹಾಳೆ ಕೈಗೆ ಬಂದಾಗ ಬೆಚ್ಚಗಿರುವುದು ಅದಕ್ಕೇ.

ನಂಬಿಕೆ ಬರದಿದ್ದರೆ ಮನೆಯಲ್ಲಿ ಮಾರ್ಕ್ಸ್ ಕಾರ್ಡ್ ಇಟ್ಟಿರುವ ಹಳೇ ಪ್ಲಾಸ್ಟಿಕ್ ಫೈಲ್ ತೆಗೆದು ನೋಡಿ. ನಾಲ್ಕೈದು ವರ್ಷ ಮುಟ್ಟದೆ ಇಟ್ಟ ಜೆರಾಕ್ಸ್ ಆದರೆ ಎಳೆಯುವಾಗ ಚರ್ ಅಂತ ಸದ್ದಾಗುತ್ತದೆ, ಅಕ್ಷರವೆಲ್ಲ ಅರ್ಧಂಬರ್ಧ ಕವರಿಗೆ ಅಂಟಿಕೊಂಡು ತಿರುಗುಮುರುಗಾಗಿ ಕಾಣುತ್ತದೆ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಸೇರಿತು, ಅಷ್ಟೇ. ಶಾಯಿಯಾಗಿದ್ದರೆ ಹೀಗೆ ಆಗುತ್ತಿತ್ತಾ?

ಹಾಗಾದರೆ ನ್ಯೂಸ್‌ಪೇಪರ್‌ದು ಹೇಗೆ ತೆಗೀತಾರೆ?

ಅದು ಎಣ್ಣೆ ಆಧಾರದ ಶಾಯಿ, ಅದಕ್ಕೆ ದಾರಿ ಇದೆ. ಪೇಪರನ್ನು ದೊಡ್ಡ ತೊಟ್ಟಿಯಲ್ಲಿ ಬಿಸಿನೀರು, ಕಾಸ್ಟಿಕ್ ಸೋಡಾ, ಸೋಡಿಯಂ ಸಿಲಿಕೇಟ್, ಹೈಡ್ರೋಜನ್ ಪೆರಾಕ್ಸೈಡ್, ಸೋಪು ಹಾಕಿ ಕಡೆಯುತ್ತಾರೆ. ನಾರು ಉಬ್ಬುತ್ತದೆ, ಶಾಯಿ ಬಿಡುತ್ತದೆ. ಆಮೇಲೆ ತಿಳಿ ಮಾಡಿ, ನೂರು ಲೀಟರ್ ನೀರಿಗೆ ಹೆಚ್ಚುಕಡಿಮೆ ಒಂದು ಕೆಜಿ ನಾರು ಇರುವ ಹಾಗೆ, ಕೆಳಗಿಂದ ಗಾಳಿ ಬಿಡುತ್ತಾರೆ. ಗುಳ್ಳೆಗಳಿಗೆ ಶಾಯಿಯ ಕಣ ಅಂಟಿ ಮೇಲೆ ಬರುತ್ತದೆ, ನೀರು ಕುಡಿದ ನಾರು ಕೆಳಗೇ ಉಳಿಯುತ್ತದೆ. ಕಪ್ಪು ನೊರೆಯನ್ನು ಬಳಿದು ಹೊರಗೆ ಹಾಕಿದರೆ ಆಯಿತು.

ಆಲೆಮನೆ ನೋಡಿದವರಿಗೆ ಇದು ಹೊಸದೇನಲ್ಲ. ಕಬ್ಬಿನ ಹಾಲು ಕುದಿಯುವಾಗ ಒಂದು ಚೂರು ಸುಣ್ಣ ಬಿದ್ದ ತಕ್ಷಣ ಕೊಳೆಯೆಲ್ಲ ನೊರೆಯ ಜೊತೆ ಮೇಲೆ ಬರುತ್ತದೆ, ಕೊಪ್ಪರಿಗೆ ಪಕ್ಕ ನಿಂತವನು ಜಾಲರಿಯಲ್ಲಿ ಎತ್ತಿ ಎತ್ತಿ ಆಚೆ ಎಸೆಯುತ್ತಾನೆ. ಅವನು ಸ್ವಲ್ಪ ಉದಾಸೀನ ಮಾಡಿದರೆ ಜೋನಿಬೆಲ್ಲ ಕಪ್ಪು. ಕಾಗದದಲ್ಲೂ ಅಷ್ಟೇ. ಅಂದಹಾಗೆ, ಅಚ್ಚಾದ ಕಾಗದದ ಶಾಯಿ ತೊಳೆದು ಹೊಸ ಕಾಗದ ಮಾಡಬಹುದು ಅಂತ 1774ರಲ್ಲೇ ಜರ್ಮನಿಯ ಗಟ್ಟಿಂಗನ್‌ನಲ್ಲಿ ಯೂಸ್ಟಸ್ ಕ್ಲಾಪ್ರೋಟ್ ಅನ್ನುವವರು ಬರೆದಿಟ್ಟಿದ್ದಾರೆ. ಅವರು ಕಾನೂನಿನ ಪ್ರೊಫೆಸರ್. ಕೋರ್ಟಿನ ಕಾಗದ ನೋಡಿ ನೋಡಿ ಸಾಕಾಗಿತ್ತೋ ಏನೋ.

ಟೋನರ್‌ಗೂ ಅದೇ ಮಾಡಿದರೆ ಏನು ತೊಂದರೆ?

ಈ ಪ್ರಶ್ನೆಗೆ ಕೂತು ಕೇಳುವವರು ಕಡಿಮೆ, ಆದರೆ ಇಡೀ ವಿಷಯ ಇರುವುದೇ ಇಲ್ಲಿ. ತೊಂದರೆ ಬಣ್ಣದ್ದಲ್ಲ, ಗಾತ್ರದ್ದು.

ಟೋನರ್ ಪುಡಿಯಾಗಿದ್ದಾಗ ಸಣ್ಣದು ಸರಿ, ಆದರೆ ಕರಗಿ ಒಂದಕ್ಕೊಂದು ಅಂಟಿ ಅಕ್ಷರವಾದ ಮೇಲೆ ಅದು ಒಂದು ತೆಳು ಪ್ಲಾಸ್ಟಿಕ್ ಹಾಳೆ. ಕಾಗದವನ್ನು ನೆನೆಸಿ ಕಡೆದಾಗ ಆ ಹಾಳೆ ಚಕ್ಕೆ ಚಕ್ಕೆಯಾಗಿ ಒಡೆಯುತ್ತದೆ, ಹೆಂಚಿನ ಮೇಲೆ ಒಣಗಿದ ಪಾಚಿ ಏಳುತ್ತದಲ್ಲ ಹಾಗೆ. ಈ ಚಕ್ಕೆಗಳು ಸುಮಾರು 40 ಮೈಕ್ರಾನ್‌ನಿಂದ ಹಿಡಿದು 400 ಮೈಕ್ರಾನ್‌ವರೆಗೂ ಇರುತ್ತವೆ, ಇನ್ನೂ ದೊಡ್ಡವೂ ಇರುತ್ತವೆ. ಗಾಳಿಗುಳ್ಳೆ ಚೆನ್ನಾಗಿ ಹೊತ್ತು ತರುವುದು ಸುಮಾರು 10ರಿಂದ 100 ಮೈಕ್ರಾನ್ ಗಾತ್ರದ್ದನ್ನು ಮಾತ್ರ. ಅದಕ್ಕಿಂತ ದೊಡ್ಡದು ಗುಳ್ಳೆಯಿಂದ ಜಾರಿ ಬೀಳುತ್ತದೆ. ಸರಿ, ದೊಡ್ಡದನ್ನು ಜರಡಿ ಹಿಡಿಯೋಣ ಅಂದರೆ ಅದು ಚಪ್ಪಟೆ, ಅಡ್ಡಡ್ಡ ತಿರುಗಿ ಜರಡಿಯ ಸೀಳಿನಲ್ಲಿ ನುಸುಳಿಬಿಡುತ್ತದೆ. ತೂಕದ ಮೇಲೆ ಬೇರೆ ಮಾಡೋಣ ಅಂದರೆ ಪ್ಲಾಸ್ಟಿಕ್ಕು, ನೀರಿಗಿಂತ ಸ್ವಲ್ಪವೇ ಭಾರ. ಅಕ್ಕಿ ಗಾಲಿಸಿದಾಗ ಕಲ್ಲು ತಳದಲ್ಲಿ ನಿಲ್ಲುವ ಹಾಗೆ ಇದು ನಿಲ್ಲಲ್ಲ, ನಾರಿನ ಜೊತೆಗೇ ತೇಲಾಡುತ್ತದೆ.

ಇನ್ನೊಂದು ಕಾಟ ಇದೆ. ಎಷ್ಟೋ ಚಕ್ಕೆಗಳ ಅಂಚಿನಲ್ಲಿ ಕಾಗದದ ನಾರು ಸಿಕ್ಕಿಕೊಂಡಿರುತ್ತದೆ, ಕಂಬಳಿಹುಳದ ರೋಮದ ಹಾಗೆ. ನಾರಿಗೆ ನೀರು ಇಷ್ಟ, ಟೋನರಿಗೆ ಗಾಳಿಗುಳ್ಳೆ ಇಷ್ಟ. ಇಬ್ಬರ ಜಗಳದಲ್ಲಿ ಸಾಮಾನ್ಯವಾಗಿ ನಾರೇ ಗೆಲ್ಲುತ್ತದೆ, ಚಕ್ಕೆ ಕೆಳಗೇ ಉಳಿಯುತ್ತದೆ. ಕಾಸ್ಟಿಕ್ ಸೋಡಾ ಸುರಿದರೂ ಉಪಯೋಗ ಕಡಿಮೆ. ಎಣ್ಣೆ ಶಾಯಿಯನ್ನು ಅದು ಸೋಪಿನ ಹಾಗೆ ಮಾಡಿ ಬಿಡಿಸುತ್ತದೆ, ಈ ಪ್ಲಾಸ್ಟಿಕ್ಕಿಗೆ ಅದರ ಲೆಕ್ಕವೇ ಇಲ್ಲ.

ಮತ್ತೆ ದೊಡ್ಡ ಮಿಲ್ಲುಗಳಲ್ಲಿ ಹೇಗೆ ಬಿಳಿ ಮಾಡ್ತಾರೆ?

ಗಾತ್ರದ ಜೊತೆ ಗುದ್ದಾಡಿ. ಮೊದಲು ಗಟ್ಟಿಯಾಗಿ, ನೂರಕ್ಕೆ 12ರಿಂದ 18 ಪಾಲು ನಾರಿರುವ ಗಂಜಿಯ ಹದದಲ್ಲಿ ಕಡೆಯುತ್ತಾರೆ. ಹಾಗೆ ಮಾಡಿದರೆ ನಾರಿಗೆ ನಾರು ಉಜ್ಜಿ ಟೋನರ್ ಏಳುತ್ತದೆ, ಬ್ಲೇಡಿಗೆ ಸಿಕ್ಕಿ ಪುಡಿಯಾಗುವುದು ಕಡಿಮೆ. ಆಮೇಲೆ ಜರಡಿ, ನೊರೆ ತೊಟ್ಟಿ. ಆಮೇಲೂ ಉಳಿದ ದೊಡ್ಡ ಚುಕ್ಕೆಗಳನ್ನು ಒಡೆಯಲು ಹಿಟ್ಟಿನ ಹಾಗೆ ಗಟ್ಟಿ ಮಾಡಿ, ಸುಮಾರು 90 ಡಿಗ್ರಿಗೆ ಕಾಯಿಸಿ, ಹಲ್ಲಿನ ತಟ್ಟೆಗಳ ನಡುವೆ ಅರೆಯುತ್ತಾರೆ. ಅದಕ್ಕೆ ಡಿಸ್ಪರ್ಸರ್ ಅನ್ನುತ್ತಾರೆ. ಹೀಗೆ ಒಡೆದದ್ದನ್ನು ಮತ್ತೊಂದು ಸಲ ನೊರೆ ತೊಟ್ಟಿಗೆ ಹಾಕಿ, ಕೊನೆಗೆ 10 ಮೈಕ್ರಾನ್‌ಗಿಂತ ಸಣ್ಣದನ್ನು ನೀರಿನಲ್ಲಿ ತೊಳೆದು ಕಳಿಸುತ್ತಾರೆ.

ಉಲ್ಟಾ ದಾರಿಯೂ ಇದೆ. ಒಡೆಯುವ ಬದಲು ಕೂಡಿಸುವುದು. ಟೋನರ್ ಸುಮಾರು 60 ಡಿಗ್ರಿಗೆ ಮೆತ್ತಗಾಗಲು ಶುರುವಾಗುತ್ತದೆ. ಅದಕ್ಕಿಂತ ಸ್ವಲ್ಪ ಜಾಸ್ತಿ ಬಿಸಿ ಮಾಡಿ, ಮೇಣದಂಥ ಒಂದು ಆಲ್ಕೋಹಾಲ್ ಹಾಕಿ ನಿಧಾನಕ್ಕೆ ತಿರುಗಿಸಿದರೆ ಚಕ್ಕೆಗಳೆಲ್ಲ ಒಂದಕ್ಕೊಂದು ಅಂಟಿ ಸಾಸಿವೆ ಕಾಳಿನ ಹಾಗೆ ಉಂಡೆ ಕಟ್ಟುತ್ತವೆ. ಉಂಡೆಯಾದರೆ ಜರಡಿಯಲ್ಲಿ ನುಸುಳಲು ಆಗಲ್ಲ. ಬೆಣ್ಣೆ ಕಡೆದಾಗ ಆಗುವುದೂ ಇದೇ ಅಲ್ವಾ? ನನಗೆ ಈ ವಿಧಾನದ ಮೇಲೆ ಒಂದು ಥರ ಪ್ರೀತಿ. ನಮ್ಮ ಶೆಡ್ಡಿನಲ್ಲಿ ಮಾಡಲು ಬಾಯ್ಲರ್ ಇಲ್ಲ, ಅದು ಬೇರೆ ಮಾತು.

ಸೆಲ್ಯುಲೇಸ್ ಅನ್ನುವ ಕಿಣ್ವ ಹಾಕುವುದು ಮೂರನೆಯದು. ಅದು ಚಕ್ಕೆಗೆ ಸಿಕ್ಕ ನಾರಿನ ರೋಮವನ್ನು ಬೋಳಿಸುತ್ತದೆ, ಆಮೇಲೆ ಗುಳ್ಳೆಗೆ ಚಕ್ಕೆ ಸುಲಭವಾಗಿ ಸಿಗುತ್ತದೆ. ಕಾಸ್ಟಿಕ್ ಬೇಡ. ಅಮೆರಿಕದ ಮ್ಯಾಡಿಸನ್‌ನಲ್ಲಿರುವ ಅರಣ್ಯ ಉತ್ಪನ್ನಗಳ ಪ್ರಯೋಗಾಲಯದಲ್ಲಿ 1990ರ ದಶಕದಲ್ಲಿ ಇದರ ಮೇಲೆ ಸಾಕಷ್ಟು ಕೆಲಸ ನಡೆದಿದೆ.

ಬ್ಲೀಚಿಂಗ್ ಪೌಡರ್ ಹಾಕಿದರೆ?

ಬಾವಿಗೆ ಹಾಕಿ. ಟೋನರಿನ ಕಪ್ಪು ಮಸಿ, ಮಸಿಯನ್ನು ಯಾವ ಬ್ಲೀಚೂ ಬಿಳಿ ಮಾಡಲ್ಲ. ಸುತ್ತಲಿನ ನಾರು ಇನ್ನೂ ಬೆಳ್ಳಗಾಗಿ ಚುಕ್ಕೆ ಮತ್ತಷ್ಟು ಎದ್ದು ಕಾಣುತ್ತದೆ. ಮತ್ತೆ, ದಯವಿಟ್ಟು ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸಬೇಡಿ. ಕ್ಲೋರಿನ್ ಗಾಳಿ ಬರುತ್ತದೆ, ಜೀವಕ್ಕೇ ಅಪಾಯ.

ಪೆಟ್ರೋಲು, ಥಿನ್ನರ್, ಉಗುರು ಬಣ್ಣ ತೆಗೆಯೋ ಅಸಿಟೋನ್?

ಅಸಿಟೋನಿಗೆ ಟೋನರ್ ಕರಗುತ್ತದೆ, ಸುಳ್ಳಲ್ಲ. ಆದರೆ ಕರಗಿದ ಮಸಿ ಕಾಗದದಲ್ಲೆಲ್ಲ ಹರಡಿ, ಚುಕ್ಕೆ ಹೋಗಿ ಇಡೀ ಹಾಳೆ ಬೂದಿ ಬಣ್ಣವಾಗುತ್ತದೆ. ಒಂದು ಹಾಳೆಗೆ ಅರ್ಧ ಬಾಟ್ಲಿ ಬೇಕು, ಬೆಂಕಿಯ ಭಯ ಬೇರೆ. ಲೆಕ್ಕಕ್ಕೆ ಬರಲ್ಲ.

ಸರಿ, ನೀವು ಏನು ಮಾಡ್ತೀರಿ ಅಂತ ಹೇಳಿ.

ಮೊದಲು ನಾವು ಏನು ಹಾಳು ಮಾಡಿಕೊಂಡೆವು ಅಂತ ಹೇಳುತ್ತೇನೆ. ಶುರುವಿನಲ್ಲಿ ಒಂದು ಮದುವೆ ಕಾಗದದ ಆರ್ಡರ್ ಬಂತು, ತೀರ್ಥಹಳ್ಳಿ ಕಡೆಯ ಮನೆ, ಮುನ್ನೂರು ಕಾರ್ಡು. ನಾನು ಜಾಣತನ ಮಾಡಿ ಒಳ್ಳೆ ಬಿಳಿ ಎ4 ರದ್ದಿ ಆರಿಸಿ, ಬೀಟರಿನಲ್ಲಿ ನಾಲ್ಕು ಗಂಟೆ ಅರೆದೆ. ಜಾಸ್ತಿ ಅರೆದಷ್ಟೂ ಅಕ್ಷರ ಮಾಯವಾಗುತ್ತದೆ ಅಂತ ನನ್ನ ಲೆಕ್ಕ. ಹಸಿ ಇದ್ದಾಗ ಚೆನ್ನಾಗೇ ಕಂಡಿತು. ಒಣಗಿದ ಮೇಲೆ ನೋಡಿದರೆ ಹಾಳೆ ಇಡೀ ಮಾಸಲು, ಮಳೆಗಾಲದಲ್ಲಿ ಒಗೆದ ಪಂಚೆಯ ಬಣ್ಣ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆ. ಅರೆದದ್ದರಲ್ಲಿ ಅರ್ಧ ಟೋನರ್ ತೀರ ನುಣ್ಣಗಾಗಿ ನಾರಿನೊಳಗೆ ಸೇರಿತ್ತು, ಇನ್ನರ್ಧ ಹಾಗೇ ಉಳಿದಿತ್ತು. ಹುಡುಗಿಯ ಅಜ್ಜಿ ಒಂದು ಹಾಳೆ ಕೈಯಲ್ಲಿ ಹಿಡಿದು ಉಗುರಿನಲ್ಲಿ ಕೆರೆದು ನೋಡಿ, "ಇದೇನು ಮಾರಾಯ, ಕಾಗದಕ್ಕೂ ಒಗ್ಗರಣೆ ಹಾಕಿದ್ಯಾ?" ಅಂದರು. ಮುಂಗಡ ವಾಪಸ್ಸು ಕೊಟ್ಟೆ.

ಆಗ ದಾರಿ ತೋರಿಸಿದ್ದು ನನ್ನ ಸೋದರಮಾವ, ಭದ್ರಾವತಿ ಕಾಗದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬಂದು ಬೀಟರಿನ ಪಕ್ಕ ನಿಂತು ಒಂದು ಮುಷ್ಟಿ ತಿರುಳು ತೆಗೆದು ಗಾಜಿನ ಲೋಟದ ನೀರಿಗೆ ಬಿಟ್ಟರು, ಬೆಳಕಿಗೆ ಹಿಡಿದರು. "ನೀನು ಕಪ್ಪನ್ನ ಕೊಲ್ಲೋಕೆ ಹೊರಟಿದ್ದೀಯ. ಅದು ಸಾಯಲ್ಲ. ಇಡಿಯಾಗಿ ಹಿಡಿದು ಹೊರಗೆ ಹಾಕು" ಅಂದರು. ಇವತ್ತಿಗೂ ನಾವು ಮಾಡುವುದು ಅಷ್ಟೇ.

ರದ್ದಿಯನ್ನು ಆರಿಸುವಾಗಲೇ ಅಂಚು ಕತ್ತರಿಸುತ್ತೇವೆ. ಎ4 ಹಾಳೆಯ ಖಾಲಿ ಅಂಚು, ಕೆಳಗಿನ ಅರ್ಧ ಖಾಲಿ ಪುಟ, ಇವೆಲ್ಲ ಅಪ್ಪಟ ಬಿಳಿ ನಾರು. ಕಟಿಂಗ್ ಮೆಷಿನ್ನಿನಲ್ಲಿ ಒಂದೇ ಏಟಿಗೆ ಐನೂರು ಹಾಳೆಯ ಅಂಚು ಬೀಳುತ್ತದೆ. ಬಿಳಿ ಕಾಗದ ಬೇಕು ಅಂದವರಿಗೆ ಇದು ಮತ್ತು ಬಟ್ಟೆ ಚೂರು, ಅಷ್ಟೇ. ಅಕ್ಷರ ಇರುವ ನಡುಭಾಗವನ್ನು ತಣ್ಣೀರಿನಲ್ಲಿ ಒಂದು ದಿನ ನೆನೆಸಿ, ಗಟ್ಟಿಯಾಗಿಯೇ ಕಾಲಿನಲ್ಲಿ ತುಳಿಯುತ್ತೇವೆ, ಹಿಂದೆ ಗೋಡೆ ಕಟ್ಟಲು ಮಣ್ಣು ತುಳಿಯುತ್ತಿದ್ದರಲ್ಲ ಹಾಗೆ. ನಗಬೇಡಿ, ಚಕ್ಕೆ ದೊಡ್ಡದಾಗಿ ಏಳುವುದು ಹೀಗೇ. ಆಮೇಲೆ ತಿಳಿ ಮಾಡಿ, ಎರಡು ಹನಿ ಪಾತ್ರೆ ಸೋಪು ಹಾಕಿ, ತಳದಿಂದ ಗಾಳಿ ಬಿಟ್ಟು ನೊರೆ ಬಳಿಯುತ್ತೇವೆ. ಮೂರು ಸಲ.

ಅಷ್ಟಾದ ಮೇಲೂ ಚುಕ್ಕೆ ಉಳಿಯುತ್ತದೆ. ಅದನ್ನು ಅಡಿಕೆ ಚೊಗರಿನಲ್ಲಿ ಅದ್ದುತ್ತೇವೆ. ಅಡಿಕೆ ಬೇಯಿಸಿದ ಆ ಕೆಂಪು ನೀರು ನಮ್ಮೂರಲ್ಲಿ ಯಾವ ಅಂಗಳದಲ್ಲೂ ಸಿಗುತ್ತದೆ. ಇಟ್ಟಿಗೆ ಕೆಂಪು ಹಾಳೆಯ ಮೇಲೆ ಕಪ್ಪು ಚುಕ್ಕೆ ಬಿದ್ದರೆ ಬೇಕೆಂದೇ ಹಾಕಿದ ಹಾಗೆ ಕಾಣುತ್ತದೆ. ಬೆಂಗಳೂರಿನವರು ಅದಕ್ಕೇ ಜಾಸ್ತಿ ದುಡ್ಡು ಕೊಡುತ್ತಾರೆ. ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ.

ಕಾಲೇಜು ಪ್ರಾಜೆಕ್ಟಿಗೆ ಮನೆಯಲ್ಲಿ ಮಾಡಿ ನೋಡಬಹುದಾ?

ಖಂಡಿತ, ಖರ್ಚೂ ಇಲ್ಲ. 80 ಜಿಎಸ್‌ಎಂ ಎ4 ಹಾಳೆ ಒಂದಕ್ಕೆ 5 ಗ್ರಾಂ ತೂಕ, ಹಾಗಾಗಿ ಇಪ್ಪತ್ತು ಹಾಳೆ ತೆಗೆದುಕೊಂಡರೆ ನೂರು ಗ್ರಾಂ. ಕೈಯಲ್ಲಿ ಹರಿದು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ. ಅರ್ಧವನ್ನು ಮಿಕ್ಸಿಯಲ್ಲಿ ಎರಡು ನಿಮಿಷ ತಿರುಗಿಸಿ, ಇನ್ನರ್ಧವನ್ನು ಕೈಯಲ್ಲೇ ಚಪಾತಿ ಹಿಟ್ಟಿನ ಹಾಗೆ ಅರ್ಧ ಗಂಟೆ ನಾದಿ. ಎರಡನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ಐದೈದು ಲೀಟರ್ ನೀರಿಗೆ ಕಲಸಿ, ಅಲ್ಲಿಗೆ ಮಿಲ್ಲಿನ ತೊಟ್ಟಿಯ ಹದವೇ ಬಂತು. ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪು ತಳಕ್ಕೆ ಇಳಿಸಿ, ಸೋಪು ಒಂದೆರಡು ಹನಿ ಸಾಕು, ಜಾಸ್ತಿಯಾದರೆ ಬರೀ ನೊರೆ. ಹತ್ತು ನಿಮಿಷ ನೊರೆಯನ್ನು ಚಮಚದಲ್ಲಿ ತೆಗೆದು ಬಿಳಿ ತಟ್ಟೆಗೆ ಹಾಕುತ್ತಾ ಹೋಗಿ. ಕೊನೆಗೆ ಎರಡೂ ಬಕೆಟ್ಟಿನಿಂದ ಒಂದೊಂದು ಹಾಳೆ ಎತ್ತಿ ಒಣಗಿಸಿ ಪಕ್ಕಪಕ್ಕ ಇಡಿ.

ಮಿಕ್ಸಿಯದು ಬೂದಿ ಬಣ್ಣ, ಕೈಯದು ಬಿಳಿ ಆದರೆ ದೊಡ್ಡ ಚುಕ್ಕೆ. ಇದನ್ನು ಕಣ್ಣಾರೆ ನೋಡಿದವರಿಗೆ ನಾನು ಮೇಲೆ ಕೊರೆದದ್ದೆಲ್ಲ ಬೇಕಾಗಲ್ಲ. ಅಂಕ ಜಾಸ್ತಿ ಬೇಕಾದರೆ ಒಂದು ಚದರ ಇಂಚಿನಲ್ಲಿ ಎಷ್ಟು ಚುಕ್ಕೆ ಅಂತ ಭೂತಗನ್ನಡಿ ಹಿಡಿದು ಎಣಿಸಿ ಬರೆಯಿರಿ. ಕಾಗದದ ಪರೀಕ್ಷೆಯಲ್ಲಿ ನಿಜವಾಗಿಯೂ ಹಾಗೇ ಎಣಿಸುತ್ತಾರೆ, 0.04 ಚದರ ಮಿಲಿಮೀಟರ್‌ಗಿಂತ ದೊಡ್ಡ ಚುಕ್ಕೆ ಲೆಕ್ಕಕ್ಕೆ.

ಕುದಿಯುವ ನೀರು ಮಾತ್ರ ಬೇಡ. ಟೋನರ್ ಮೆತ್ತಗಾಗಿ ನಾರಿಗೆ, ಪಾತ್ರೆಗೆ, ಕೊನೆಗೆ ಅಮ್ಮನ ಬೈಗುಳಕ್ಕೆ ಅಂಟಿಕೊಳ್ಳುತ್ತದೆ.

ತೊಳೆದ ನೀರು ಹಾಲಿನ ಹಾಗೆ ಬರುತ್ತಲ್ಲ, ಅದು ನಾರು ಹೋಗ್ತಿರೋದಾ?

ಬಹುಪಾಲು ಅಲ್ಲ, ಸುಣ್ಣದ ಕಲ್ಲಿನ ಪುಡಿ. ಕಾಪಿ ಪೇಪರ್ ಬೆಳ್ಳಗೆ, ನುಣ್ಣಗೆ ಇರಲಿ ಅಂತ ತೂಕದಲ್ಲಿ ನೂರಕ್ಕೆ 15ರಿಂದ 25 ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್‌ನಂಥ ಪುಡಿ ತುಂಬಿರುತ್ತಾರೆ. ತೊಳೆದಾಗ ಅದೂ ಹೋಗುತ್ತದೆ. ಅದಕ್ಕೇ ನಮ್ಮಲ್ಲಿ ಒಂದು ಕೆಜಿ ರದ್ದಿಗೆ ಮುಕ್ಕಾಲು ಕೆಜಿ ಕಾಗದ ಬಂದರೆ ಹಬ್ಬ. ರದ್ದಿಗೆ ಕಡಿಮೆ ರೇಟು ಕೊಡ್ತೀರಿ ಅಂತ ಜಗಳಕ್ಕೆ ಬರುವವರು ಇದನ್ನು ಒಮ್ಮೆ ಓದಿಕೊಳ್ಳಿ.

ಯಾವ ಪೇಪರ್ ತಗೋತೀರಿ, ಯಾವುದು ಬೇಡ?

ಲೇಸರ್ ಪ್ರಿಂಟು, ಜೆರಾಕ್ಸು, ರೂಲ್ಡ್ ನೋಟ್‌ಬುಕ್ಕು, ಪ್ರಶ್ನೆಪತ್ರಿಕೆ ತನ್ನಿ. ಸ್ಟೇಪಲ್ ಪಿನ್ ಇದ್ದರೂ ನಡೆಯುತ್ತದೆ, ಅಯಸ್ಕಾಂತಕ್ಕೆ ಸಿಗುತ್ತದೆ.

ಬಸ್ ಟಿಕೆಟ್, ಎಟಿಎಂ ಚೀಟಿ, ಅಂಗಡಿ ಬಿಲ್ಲು ಬೇಡವೇ ಬೇಡ. ಅದು ಥರ್ಮಲ್ ಪೇಪರ್, ಉಗುರಿನಲ್ಲಿ ಗೀರಿದರೆ ಕಪ್ಪು ಗೆರೆ ಬೀಳುತ್ತದೆ ನೋಡಿ. ಅದರ ಲೇಪದಲ್ಲಿ ಬಿಸ್ಫಿನಾಲ್ ಜಾತಿಯ ರಾಸಾಯನಿಕ ಇರುತ್ತದೆ, ಒಳ್ಳೆ ರದ್ದಿಯ ಜೊತೆ ಸೇರಿದರೆ ಎಲ್ಲಕ್ಕೂ ಹತ್ತುತ್ತದೆ. ಲ್ಯಾಮಿನೇಷನ್, ಕಾರ್ಬನ್ ಪೇಪರ್, ಬಣ್ಣದ ಕಾಗದ ಬೇಡ. ಸ್ಟಿಕ್ಕರ್ ಅಂದರೆ ನನಗೆ ಅಲರ್ಜಿ: ಒಂದೇ ಒಂದು ವಿಳಾಸದ ಸ್ಟಿಕ್ಕರಿನ ಗೋಂದು ಇಡೀ ತೊಟ್ಟಿಯಲ್ಲಿ ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಜರಡಿಗೆಲ್ಲ ಮೆತ್ತಿಕೊಂಡು, ನಾವು ಮೂರೂ ಜನ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಒಂದು ಇಡೀ ಮಧ್ಯಾಹ್ನ ಜರಡಿ ಬಿಡಿಸುತ್ತಾ ಕೂತಿದ್ದೇವೆ.

ಷ್ರೆಡರ್‌ನಲ್ಲಿ ಚೂರು ಮಾಡಿದ್ದು ಕೊಟ್ಟರೆ ತಗೊಳ್ಳುತ್ತೇವೆ, ಆದರೆ ಖುಷಿಯಿಂದಲ್ಲ. ನಾರು ತುಂಡಾಗಿರುತ್ತದೆ, ಅಂಚು ಕತ್ತರಿಸಲು ಆಗಲ್ಲ, ಒಳಗೆ ಏನೇನು ಸೇರಿದೆ ಅಂತ ದೇವರಿಗೇ ಗೊತ್ತು. ಗುಟ್ಟಿನ ಕಾಗದ ಅಂತ ಭಯ ಇದ್ದರೆ ನೀವೇ ಬಂದು ತೊಟ್ಟಿಗೆ ಹಾಕಿ, ಕಣ್ಣೆದುರೇ ಗಂಜಿಯಾಗುತ್ತದೆ.

ಇಂಕ್‌ಜೆಟ್ ಪ್ರಿಂಟ್ ಆದರೆ ಸುಲಭ ಅಲ್ವಾ, ನೀರಿಗೇ ಹೋಗುತ್ತೆ?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಅದು ಟೋನರಿಗಿಂತ ಕಷ್ಟ. ನೀರಿನ ಶಾಯಿ ಹಾಳೆ ಬಿಟ್ಟು ನೀರಿಗೆ ಬರುತ್ತದೆ ನಿಜ, ಆದರೆ ಬಂದದ್ದು ಗುಳ್ಳೆಗೂ ಸಿಗದೆ ಜರಡಿಗೂ ಸಿಗದೆ ಎಲ್ಲ ನಾರಿಗೂ ಬಣ್ಣ ಹಾಕಿಬಿಡುತ್ತದೆ. ಬಿಳಿ ಬಟ್ಟೆಯ ಜೊತೆ ಒಂದು ಹೊಸ ಕೆಂಪು ಟವೆಲ್ ನೆನೆಸಿದ ಕತೆ. ಗುರುತು ಹಿಡಿಯಲು ಬೆರಳಿಗೆ ಎಂಜಲು ಹಚ್ಚಿ ಅಕ್ಷರ ಉಜ್ಜಿ. ಹರಡಿದರೆ ಸಾಮಾನ್ಯವಾಗಿ ಇಂಕ್‌ಜೆಟ್. ಹರಡದಿದ್ದರೆ ಕಪ್ಪು ಜಾಸ್ತಿ ಇರುವ ಕಡೆ ಹಾಳೆಯನ್ನು ಗಟ್ಟಿಯಾಗಿ ಮಡಚಿ ಬಿಡಿಸಿ, ಮಡಿಕೆಯಲ್ಲಿ ಸುಣ್ಣದ ಗೋಡೆ ಬಿರಿದ ಹಾಗೆ ಬಿರಿದರೆ ಟೋನರ್.

ಪ್ರಿಂಟ್ ಅಳಿಸಿ ಅದೇ ಹಾಳೆ ಮತ್ತೆ ಬಳಸೋ ಮೆಷಿನ್ ಬಂದಿದೆಯಂತೆ?

ಬಂದಿದೆ. ತೋಷಿಬಾ ಕಂಪನಿ ಒಂದು ನೀಲಿ ಟೋನರ್ ತಂದಿತ್ತು, ಬೇರೆ ಯಂತ್ರದಲ್ಲಿ ಬಿಸಿ ಮಾಡಿದರೆ ಅದರ ಬಣ್ಣ ಮಾಯವಾಗುತ್ತದೆ. ಒಂದೇ ಹಾಳೆಯನ್ನು ಐದು ಸಲ ಬಳಸಬಹುದು ಅಂತ ಲೆಕ್ಕ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2012ರಲ್ಲಿ ಮಾಮೂಲಿ ಟೋನರನ್ನೇ ಹಸಿರು ಲೇಸರಿನ ಚಿಕ್ಕ ಚಿಕ್ಕ ಮಿಂಚಿನಿಂದ, ಕಾಗದ ಸುಡದ ಹಾಗೆ ಆವಿ ಮಾಡಿ ತೋರಿಸಿದರು. ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ ಇವೆರಡನ್ನೂ ನಾನು ಕಂಡಿಲ್ಲ.

ಆದರೆ ಬರೆದು, ಒರೆಸಿ, ಮತ್ತೆ ಬರೆಯುವುದು ಮಲೆನಾಡಿಗೆ ಹಳೇ ಕಸುಬು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಚಿ, ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಅಂಟು ಬಳಿದರೆ ಹೊಸದು. ಅದೇ ಕಡತ. ಶೃಂಗೇರಿ ಮಠದಲ್ಲಿ ಅಂಥ ಹಳೇ ಕಡತಗಳು ಉಳಿದಿವೆ. ಈಗ ಆಫೀಸಿನಲ್ಲಿ ಫೈಲಿಗೆ ಕಡತ ಅನ್ನುತ್ತಾರೆ, ಒಳಗಿರುವುದು ಮಾತ್ರ ಒರೆಸಲಾಗದ ಪ್ಲಾಸ್ಟಿಕ್ ಅಕ್ಷರ.

ಭದ್ರಾವತಿಯಲ್ಲೇ ಪೇಪರ್ ಮಿಲ್ ಇತ್ತಲ್ಲ, ಅಲ್ಲಿಗೆ ಕಳಿಸಬಹುದಿತ್ತು ಅಲ್ವಾ?

ಮೈಸೂರು ಪೇಪರ್ ಮಿಲ್ಸ್ ಶುರುವಾಗಿದ್ದು 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಬರೆಯುವ ಕಾಗದ, ನ್ಯೂಸ್‌ಪ್ರಿಂಟ್ ಎರಡೂ ಮಾಡಿತು. 2015ರಲ್ಲಿ ಉತ್ಪಾದನೆ ನಿಂತಿತು. ಅಲ್ಲಿ ಮುಖ್ಯವಾಗಿ ಬಿದಿರು, ನೀಲಗಿರಿ, ಕಬ್ಬಿನ ಸಿಪ್ಪೆಯಂಥ ಹೊಸ ನಾರಿನ ಕೆಲಸ. ಟೋನರ್ ರದ್ದಿ ಬಿಳಿ ಮಾಡುವುದು ಬೇರೆಯೇ ಯಂತ್ರಗಳ ಸಾಲು.

ಈಗ ನಮ್ಮ ಗುಜರಿಯವರಿಗೆ ಕೊಟ್ಟದ್ದು ಲಾರಿ ಹತ್ತಿ ದೂರದ ಮಿಲ್ಲಿಗೆ ಹೋಗುತ್ತದೆ. ಎಲ್ಲ ಸೇರಿಸಿ ಕೊಟ್ಟರೆ ಕಪ್ಪು ತೆಗೆಯುವ ಗೋಜಿಗೇ ಹೋಗದೆ ರಟ್ಟು ಮಾಡುತ್ತಾರೆ. ದೇವರ ಮನೆಯಲ್ಲಿರುವ ಊದಿನಕಡ್ಡಿ ಡಬ್ಬಿಯ ರಟ್ಟನ್ನು ಸೀಳಿ ನೋಡಿ, ಮೇಲೊಂದು ಬಿಳಿ ಪದರ, ಒಳಗೆಲ್ಲ ಬೂದಿ ಬಣ್ಣ, ಅಲ್ಲಲ್ಲಿ ಕಪ್ಪು ಚುಕ್ಕೆ. ಯಾರದೋ ಆಫೀಸಿನ ಸುತ್ತೋಲೆ ಅದು. ಬಿಳಿ ರದ್ದಿಯನ್ನು ಬೇರೆ ಕಟ್ಟು ಕಟ್ಟಿ ಕೊಟ್ಟರೆ ಅದು ಮತ್ತೆ ಬರೆಯುವ ಕಾಗದವಾಗುವ ಸಾಧ್ಯತೆ ಜಾಸ್ತಿ, ರೇಟೂ ಜಾಸ್ತಿ.

ಒಂದೇ ನಾರನ್ನು ಎಷ್ಟು ಸಲ ಹೀಗೆ ಮಾಡಬಹುದು?

ಸಾಮಾನ್ಯವಾಗಿ 5ರಿಂದ 7 ಸಲ ಅನ್ನುತ್ತಾರೆ. ಪ್ರತಿ ಸಲ ನೆನೆದು ಒಣಗಿದಾಗ ನಾರು ಗಡುಸಾಗುತ್ತದೆ, ತುಂಡಾಗುತ್ತದೆ. ಅದಕ್ಕೇ ನಾವು ಹತ್ತಿಬಟ್ಟೆ ಸೇರಿಸುವುದು.

ತೆಗೆದ ಕಪ್ಪು ನೊರೆ ಎಲ್ಲಿಗೆ ಹೋಗುತ್ತೆ? ತುಂಗೆಗಾ?

ಇಲ್ಲ ಮಾರಾಯ್ರೇ. ನೊರೆಯನ್ನು ಗೋಣಿ ಬಟ್ಟೆಯಲ್ಲಿ ಸೋಸಿ ಹಿಂಡಿದರೆ ಕಪ್ಪು ಹಿಂಡಿ ಉಳಿಯುತ್ತದೆ: ಪ್ಲಾಸ್ಟಿಕ್ಕು, ಮಸಿ, ಸುಣ್ಣದ ಪುಡಿ, ತುಂಡು ನಾರು. ತೋಟಕ್ಕೆ ಗೊಬ್ಬರ ಅಂತ ಒಬ್ಬರು ಕೇಳಿದರು, ಕೊಡಲಿಲ್ಲ. ಪ್ಲಾಸ್ಟಿಕ್ ಅಂತ ಗೊತ್ತಿದ್ದೂ ಅಡಿಕೆ ಬುಡಕ್ಕೆ ಹೇಗೆ ಹಾಕಿಸಲಿ? ಒಣಗಿಸಿ, ಗೋಂದು ಸೇರಿಸಿ ದಪ್ಪ ರಟ್ಟು ಒತ್ತುತ್ತೇವೆ, ನೋಟ್‌ಬುಕ್ಕಿನ ಬೆನ್ನಿಗೆ ಆಗುತ್ತದೆ. ನೀರನ್ನು ತಿಳಿಯಾಗಲು ಬಿಟ್ಟು ಮತ್ತೆ ಅದೇ ತೊಟ್ಟಿಗೆ ಬಳಸುತ್ತೇವೆ.

ನಿಮ್ಮ ಕಾಗದದಲ್ಲಿ ಬಜ್ಜಿ ಕಟ್ಟಿ ಕೊಡಬಹುದಾ?

ಬೇಡ. ಮಂಡಕ್ಕಿಗೂ ಬೇಡ, ಮೆಣಸಿನಕಾಯಿಗೂ ಬೇಡ. ತಿನ್ನುವ ಪದಾರ್ಥವನ್ನು ನ್ಯೂಸ್‌ಪೇಪರಿನಲ್ಲಿ ಕಟ್ಟುವುದನ್ನೇ ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧಿಸಿದೆ. ಬಾಳೆಎಲೆ, ಅಡಿಕೆ ಹಾಳೆ ಇರುವ ಊರಲ್ಲಿ ಈ ಪ್ರಶ್ನೆ ಯಾಕೆ ಬರುತ್ತದೋ.

ಖಾಲಿ ಟೋನರ್ ಡಬ್ಬಿಯನ್ನೂ ರದ್ದಿ ಜೊತೆ ಹಾಕಿ ಕಳಿಸಲಾ?

ಕಳಿಸಬೇಡಿ, ಅದು ಇ-ತ್ಯಾಜ್ಯ. ಒಂದು ಸಲ ಒಂದು ಆಫೀಸಿನ ಚೀಲದಲ್ಲಿ ಒಡೆದ ಡಬ್ಬಿ ಬಂದು ನಲವತ್ತು ಕೆಜಿ ರದ್ದಿ ಹಾಳಾಯಿತು, ನನ್ನ ಅಂಗಿಯೂ ಹೋಯಿತು. ಕರಗದ ಪುಡಿ ಬಟ್ಟೆಗೆ ಬಿದ್ದರೆ ಮೊದಲು ಕೊಡವಿ, ಆಮೇಲೆ ತಣ್ಣೀರು ಮಾತ್ರ. ನಾನು ಬಿಸಿನೀರು ಹಾಕಿದೆ, ಅಲ್ಲೇ ಕೂತಿತು. ನೆಲಕ್ಕೆ ಚೆಲ್ಲಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮನೆಯ ವ್ಯಾಕ್ಯೂಮ್ ಬಳಸಬೇಡಿ, ನುಣುಪು ಪುಡಿ ಅದರ ಫಿಲ್ಟರ್ ದಾಟಿ ಗಾಳಿಗೆ ಬರುತ್ತದೆ.

ಜೂನ್ ಬಂತೆಂದರೆ ರದ್ದಿ ಬೇಡ ಅಂತೀರಿ, ಯಾಕೆ?

ಒಣಗಲ್ಲ. ಬಿಸಿಲಿದ್ದರೆ ಒಂದು ದಿನದಲ್ಲಿ ಒಣಗುವ ಹಾಳೆ ಆಷಾಢದಲ್ಲಿ ಐದು ದಿನ ಆದರೂ ತಂಪಗೇ ಇರುತ್ತದೆ, ಆರನೇ ದಿನ ಬೂಷ್ಟು. ನಿಮ್ಮ ರದ್ದಿಗೂ ಬೂಷ್ಟು ಹಿಡಿದರೆ ಅದರ ಹಸಿರು-ಕಪ್ಪು ಕಲೆ ಬೇರೆ ಸೇರಿಕೊಳ್ಳುತ್ತದೆ. ಅಕ್ಟೋಬರ್‌ವರೆಗೆ ಕಟ್ಟು ಕಟ್ಟಿ ಅಟ್ಟದ ಮೇಲಿಡಿ. ಒಲೆಯ ಮೇಲಿನ ಅಟ್ಟ ಬೇಡ, ಬೇರೆ ಕೋಣೆಯದು. ಟೋನರಿನ ಮಸಿಯೇ ಸಾಕಾಗಿದೆ, ಹೊಗೆಯ ಮಸಿಯನ್ನೂ ಬಿಡಿಸು ಅಂದರೆ ನನ್ನಿಂದ ಆಗಲ್ಲ.